ಹಿರೋಷಿಮಾದ ಕಲ್ಲಿನ ಮೇಲೊಂದು ಸಾಲು: 'ಮತ್ತೆ ಮಾಡುವುದಿಲ್ಲ' ಎನ್ನುತ್ತಿರುವುದು ಯಾರು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು, ಒಸಾಕಾಕ್ಕೆ ಬಂದು ನಾಲ್ಕು ವರ್ಷವಾಯಿತು. ಕಳೆದ ವಾರ ಮೊದಲ ಸಲ ಹಿರೋಷಿಮಾಗೆ ಹೋಗಿದ್ದೆ. ವಾಪಸ್ ಬಂದ ಮೇಲೂ ಒಂದು ಸಾಲು ತಲೆಯಿಂದ ಹೋಗುತ್ತಿಲ್ಲ. ಇಲ್ಲಿ ಹಂಚಿಕೊಂಡರೆ ನಿಮಗೂ ಏನಾದರೂ ಹೊಳೆಯಬಹುದು ಅನ್ನಿಸಿತು.

ಅಲ್ಲಿನ ಶಾಂತಿ ಉದ್ಯಾನದ ನಡುವೆ ಕಮಾನಿನ ಆಕಾರದ ಒಂದು ಸ್ಮಾರಕವಿದೆ. ಕೆಂಜೊ ತಾಂಗೆ ಎಂಬ ವಾಸ್ತುಶಿಲ್ಪಿ ರೂಪಿಸಿದ್ದು. 1952ರ ಆಗಸ್ಟ್ 6ರಂದು ತೆರೆದರು. ಕಮಾನಿನ ಕೆಳಗೆ ಒಂದು ಕಲ್ಲಿನ ಪೆಟ್ಟಿಗೆ. ಅದರೊಳಗೆ 1945ರ ಆಗಸ್ಟ್ 6ರಂದು ಅಮೆರಿಕ ಹಾಕಿದ ಅಣುಬಾಂಬಿನಿಂದ ಸತ್ತವರ ಹೆಸರು ಬರೆದ ಪುಸ್ತಕಗಳಿವೆ. ಬದುಕಿ ಉಳಿದಿದ್ದವರು ತೀರಿಕೊಂಡಾಗ ಅವರ ಹೆಸರನ್ನೂ ಪ್ರತಿ ಆಗಸ್ಟ್ 6ರಂದು ಸೇರಿಸುತ್ತಾರೆ. ಈಗ 3 ಲಕ್ಷ 40 ಸಾವಿರ ದಾಟಿದೆ. ಹೆಸರೇ ಗೊತ್ತಾಗದೆ ಹೋದವರಿಗಾಗಿ ಒಂದು ಪುಸ್ತಕ ಬೇರೆಯೇ ಇದೆ.

ಪೆಟ್ಟಿಗೆಯ ಮೇಲೆ ಕೆತ್ತಿರುವ ಸಾಲು ಇದು: 'ಯಸುರಾಕಾ ನಿ ನೆಮುತ್ತೆ ಕುದಸಾಯ್, ಅಯಮಾಚಿ ವ ಕುರಿಕಾಯೆಶಿಮಾಸೆನು ಕರಾ.' ಕನ್ನಡದಲ್ಲಿ ಹೇಳಿದರೆ, 'ನೆಮ್ಮದಿಯಾಗಿ ಮಲಗಿ, ತಪ್ಪನ್ನು ಮತ್ತೆ ಮಾಡುವುದಿಲ್ಲ.'

ಯಾರು ಮಾಡುವುದಿಲ್ಲ? ಜಪಾನಿ ಸಾಲಿನಲ್ಲಿ ಅದಿಲ್ಲ. ಇಂಗ್ಲಿಷಿಗೆ ತರುವಾಗ 'ನಾವು' ಅಂತ ಸೇರಿಸಲೇಬೇಕಾಗುತ್ತದೆ. ನಮ್ಮ ಭಾಷೆಯಲ್ಲಿ ಬೇಕಾಗುವುದಿಲ್ಲ ನೋಡಿ. 'ಮಾಡುವುದಿಲ್ಲ' ಅಂದರೆ ಸಾಕು. ನಾನು, ನೀನು, ಅವರು, ಎಲ್ಲರಿಗೂ ಅದೇ ಮಾತು. ಕಲ್ಲಿನ ಮುಂದೆ ನಿಂತು ಅದನ್ನು ಕನ್ನಡದಲ್ಲಿ ಹೇಳಿಕೊಂಡಾಗ ಮೈ ಜುಮ್ ಅಂದಿತು.

ಈ ಸಾಲಿನ ಬಗ್ಗೆ ಮೊದಲು ತಕರಾರು ಎತ್ತಿದವರಲ್ಲಿ ನಮ್ಮ ದೇಶದವರೇ ಒಬ್ಬರಿದ್ದರು. ಯುದ್ಧದ ನಂತರ ಜಪಾನಿ ನಾಯಕರ ಮೇಲೆ ನಡೆದ ಟೋಕಿಯೊ ಯುದ್ಧಾಪರಾಧ ವಿಚಾರಣೆಯಲ್ಲಿ ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್. ಅವರು 1952ರ ನವೆಂಬರಿನಲ್ಲಿ ಅಲ್ಲಿಗೆ ಬಂದು, ಬಾಂಬ್ ಹಾಕಿದ ಕೈ ಜಪಾನಿಯರದ್ದಲ್ಲ, ತಪ್ಪು ಒಪ್ಪಿಕೊಳ್ಳುತ್ತಿರುವವರು ಯಾರು ಅಂತ ಕೇಳಿದ್ದರು. ಆ ಸಾಲು ಬರೆದವರು ಹಿರೋಷಿಮಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ತದಾಯೊಶಿ ಸಾಯಿಕಾ. ಅವರೂ ಬಾಂಬಿಗೆ ಸಿಕ್ಕು ಬದುಕಿದವರು. ಇದು ಯಾವ ದೇಶದ ಮಾತೂ ಅಲ್ಲ, ಆ ಕಲ್ಲಿನ ಮುಂದೆ ನಿಲ್ಲುವ ಎಲ್ಲ ಮನುಷ್ಯರ ಮಾತು ಎಂಬುದು ಅವರ ಉತ್ತರ.

ನಿಮಗೆ ಯಾರ ಮಾತು ಸರಿ ಅನ್ನಿಸುತ್ತದೆ?

ಬಯಲುಸೀಮೆಯವ

ಪಾಲ್ ಕೇಳಿದ್ದು ನ್ಯಾಯವಾದ ಪ್ರಶ್ನೆ. ಆದರೆ ನನ್ನ ತಕರಾರು ಬೇರೆ ಕಡೆಯಿಂದ. ಜಪಾನ್ ಸುಮ್ನೆ ಕೂತಿದ್ದಾಗ ಅದರ ತಲೆ ಮೇಲೆ ಬಾಂಬ್ ಬಿತ್ತು ಅನ್ನುವ ಹಾಗೆ ಈ ಕಥೆ ಹೇಳಬಾರದು. ಚೀನಾದ ನಾನ್‌ಜಿಂಗ್‌ನಲ್ಲಿ ಜಪಾನಿ ಸೈನ್ಯ ನಡೆಸಿದ ಹತ್ಯಾಕಾಂಡ ಏನು? ಕೊರಿಯಾದ ಹೆಣ್ಣುಮಕ್ಕಳನ್ನು ಸೈನಿಕರ ಲೈಂಗಿಕ ಗುಲಾಮರನ್ನಾಗಿ ಮಾಡಿದ್ದು ಏನು? ನಮ್ಮ ಅಂಡಮಾನ್‌ನಲ್ಲೇ 1944ರ ಜನವರಿ 30ರಂದು ಹೊಂಫ್ರೆಗಂಜ್‌ನಲ್ಲಿ 44 ಭಾರತೀಯರನ್ನು ಗುಂಡಿಟ್ಟು ಕೊಂದರು. ಗೂಢಚಾರರು ಅನ್ನುವ ಆರೋಪ ಹೊರಿಸಿ. ಇದನ್ನು ಎಷ್ಟು ಜನ ನೆನೆಯುತ್ತೇವೆ?

ನಮ್ಮಪ್ಪ ಸೈನ್ಯದಲ್ಲಿ 22 ವರ್ಷ ಇದ್ದವರು. ಯುದ್ಧ ಮುಗಿಸಲು ಬೇರೆ ದಾರಿ ಇರಲಿಲ್ಲ, ಇಲ್ಲದಿದ್ದರೆ ಇನ್ನೂ ಲಕ್ಷಾಂತರ ಜನ ಸಾಯುತ್ತಿದ್ದರು ಅಂತ ಅವರು ಈಗಲೂ ಹೇಳುತ್ತಾರೆ. ನನಗೂ ಅದು ಪೂರ್ತಿ ಸುಳ್ಳು ಅನ್ನಿಸುವುದಿಲ್ಲ.

ತುಂಗಾತೀರ

ಅಂಡಮಾನ್ ವಿಷಯ ತಂದದ್ದು ಒಳ್ಳೆಯದಾಯಿತು. ನಾನು ಅದನ್ನು ಪಕ್ಕಕ್ಕಿಡುವುದಿಲ್ಲ. ಜಪಾನಿ ಸೈನ್ಯ ಮಾಡಿದ್ದು ಘೋರ. ಆದರೆ ಬಾಂಬ್ ಬಿದ್ದ ಬೆಳಗ್ಗೆ 8:15ಕ್ಕೆ ಆ ಊರಿನ ಬೀದಿಯಲ್ಲಿ ಇದ್ದವರು ಯಾರು ಅಂತ ನೋಡಿ.

ಬೆಂಕಿ ಹರಡಬಾರದು ಅಂತ ಮನೆಗಳನ್ನು ಕೆಡವಿ ಜಾಗ ಬಿಡಿಸುವ ಕೆಲಸಕ್ಕೆ ಶಾಲೆ ಮಕ್ಕಳನ್ನು ಕಳಿಸಿದ್ದರು. ಹನ್ನೆರಡು, ಹದಿಮೂರು ವರ್ಷದವರು. ಆ ಬೆಳಗ್ಗೆ ಬಯಲಲ್ಲಿ ನಿಂತಿದ್ದ ಅಂಥ ಮಕ್ಕಳು ಸಾವಿರಾರು ಜನ ಸತ್ತರು. ಮ್ಯೂಸಿಯಂನಲ್ಲಿ ಒಂದು ಊಟದ ಡಬ್ಬಿ ಇದೆ. ಒಳಗಿನ ಅನ್ನ ಸುಟ್ಟು ಕರಿ ಇದ್ದಿಲಾಗಿದೆ. ಹುಡುಗನ ಗುರುತು ಸಿಗುವಂತಿರಲಿಲ್ಲ, ಅವನ ಮೈ ಕೆಳಗಿದ್ದ ಆ ಡಬ್ಬಿಯಿಂದ ತಾಯಿ ಮಗನನ್ನು ಗುರುತಿಸಿದಳು. ನಾನು ಡಬ್ಬಿಯ ಮುಂದೆ ತುಂಬ ಹೊತ್ತು ನಿಂತೆ. ನಮ್ಮಮ್ಮ ನನಗೆ ಕಟ್ಟಿಕೊಡುತ್ತಿದ್ದ ಡಬ್ಬಿಯಷ್ಟೇ ದೊಡ್ಡದು.

ಸತ್ತವರಲ್ಲಿ ಜಪಾನಿಯರು ಮಾತ್ರ ಇರಲಿಲ್ಲ. ಕೂಲಿಗೆ ಎಳೆದು ತಂದಿದ್ದ ಕೊರಿಯನ್ನರು ಸಾವಿರಾರು ಜನ. ನೀವು ಹೇಳಿದ ಜಪಾನಿನ ಕ್ರೌರ್ಯಕ್ಕೆ ಮೊದಲೇ ಸಿಕ್ಕಿದ್ದವರು ಅವರು! ಅವರ ಸ್ಮಾರಕವನ್ನು 1970ರಲ್ಲಿ ಕಟ್ಟಿದ್ದು ಉದ್ಯಾನದ ಹೊರಗೆ. ಒಳಗೆ ಜಾಗ ಸಿಕ್ಕಿದ್ದು 1999ರಲ್ಲಿ. ಸೆರೆಯಲ್ಲಿದ್ದ 12 ಅಮೆರಿಕನ್ ಸೈನಿಕರೂ ಆ ಬಾಂಬಿಗೆ ಬಲಿಯಾದರು.

ಅರ್ಧರಾತ್ರಿ_ಓದುಗ

'ಬೇರೆ ದಾರಿ ಇರಲಿಲ್ಲ' ಎಂಬ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಯುದ್ಧದ ಮೇಲೆ ಬಾಂಬ್ ದಾಳಿಗಳ ಪರಿಣಾಮ ಏನಾಯಿತು ಅಂತ ಅಮೆರಿಕ ಸರ್ಕಾರವೇ ಒಂದು ಸಮೀಕ್ಷೆ ಮಾಡಿಸಿತ್ತು. ಅದರ ವರದಿ 1946ರಲ್ಲಿ ಬಂತು. ಅಣುಬಾಂಬ್ ಹಾಕದಿದ್ದರೂ, ರಷ್ಯಾ ಯುದ್ಧಕ್ಕೆ ಬರದಿದ್ದರೂ 1945 ಮುಗಿಯುವುದರೊಳಗೆ ಜಪಾನ್ ಶರಣಾಗುತ್ತಿತ್ತು ಎಂಬುದು ಅವರದೇ ಅಭಿಪ್ರಾಯ. ಇದನ್ನು ಒಪ್ಪದ ಇತಿಹಾಸಕಾರರೂ ಇದ್ದಾರೆ. ಆಗಸ್ಟ್ 9ರಂದು ಸೋವಿಯತ್ ಸೈನ್ಯ ಜಪಾನಿನ ಹಿಡಿತದಲ್ಲಿದ್ದ ಮಂಚೂರಿಯಾಕ್ಕೆ ನುಗ್ಗಿದ್ದೇ ಶರಣಾಗತಿಗೆ ದೊಡ್ಡ ಕಾರಣ ಅನ್ನುವವರೂ ಇದ್ದಾರೆ. ವಾದ ಮುಗಿದಿಲ್ಲ. ಮುಗಿದಿದೆ ಅಂತ ಶಾಲೆಯಲ್ಲಿ ಕಲಿಸುವುದು ತಪ್ಪು.

ಇನ್ನೊಂದು ವಿಷಯ. ಎಲ್ಲರೂ ಹಿರೋಷಿಮಾ ಹಿರೋಷಿಮಾ ಅನ್ನುತ್ತೇವೆ. ನಾಗಾಸಾಕಿ ಬಾಲದ ಹಾಗೆ ಹಿಂದೆ ಬರುತ್ತದೆ. ಮೂರೇ ದಿನಕ್ಕೆ ಎರಡನೇ ಬಾಂಬ್ ಹಾಕಿದ್ದಕ್ಕೆ ಯಾವ ಸಮರ್ಥನೆ ಇದೆ? ಮೊದಲ ಊರಿನಲ್ಲಿ ಏನಾಗಿದೆ ಅಂತ ಟೋಕಿಯೊಗೆ ಸರಿಯಾಗಿ ಅರ್ಥವಾಗುವಷ್ಟು ಸಮಯವೂ ಕೊಡಲಿಲ್ಲ. ಆ ವಿಮಾನ ಹೊರಟಿದ್ದು ಕೊಕುರಾ ಎಂಬ ಊರಿಗೆ. ಮೇಲೆ ಹೋಗಿ ಮೂರು ಸಲ ಸುತ್ತು ಹಾಕಿದರು. ಹೊಗೆ, ಮೋಡ, ಗುರಿ ಕಾಣಲಿಲ್ಲ. ನಾಗಾಸಾಕಿ ಕಡೆ ತಿರುಗಿದರು. 11:02ಕ್ಕೆ ಉರಾಕಾಮಿ ಕಣಿವೆಯ ಮೇಲೆ ಬಾಂಬ್ ಸಿಡಿಯಿತು. ಜಪಾನಿನ ಕ್ರೈಸ್ತರು ನೂರಾರು ವರ್ಷ ಬಚ್ಚಿಟ್ಟುಕೊಂಡು ಉಳಿಸಿದ್ದ ನಂಬಿಕೆಯ ಊರು ಅದು. ಅವರ ದೊಡ್ಡ ಚರ್ಚ್ ಕುಸಿಯಿತು, ಒಳಗಿದ್ದವರೆಲ್ಲ ಹೋದರು. ಮೋಡ ಬಂದ ಊರು ಉಳಿಯಿತು, ಮೋಡ ಸರಿದ ಊರು ಸತ್ತಿತು. ಯುದ್ಧತಂತ್ರ ಅಂತ ಇದನ್ನು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಅಷ್ಟೇ ಅಲ್ಲ. ಬಾಂಬ್ ಹಾಕಬೇಕಾದ ಊರುಗಳ ಮೊದಲ ಪಟ್ಟಿಯಲ್ಲಿ ಜಪಾನಿನ ಹಳೆಯ ರಾಜಧಾನಿ ಕ್ಯೋಟೊ ಕೂಡ ಇತ್ತು. ಅಮೆರಿಕದ ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ಹಟ ಹಿಡಿದು ಅದನ್ನು ತೆಗೆಸಿದರು.

ಪ್ರಯೋಗಶಾಲೆ

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಲೆಕ್ಕ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಇದನ್ನು ಹೇಳಿದ ದಿನ ತರಗತಿಯಲ್ಲಿ ಯಾರೂ ಮಾತಾಡುವುದಿಲ್ಲ.

ಹಿರೋಷಿಮಾ ಬಾಂಬಿನಲ್ಲಿ ಇದ್ದದ್ದು ಸುಮಾರು 64 ಕೆಜಿ ಯುರೇನಿಯಂ. ಅದರಲ್ಲಿ ಸೀಳಿದ್ದು ಒಂದು ಕೆಜಿಗಿಂತ ಕಡಿಮೆ. ಹಾಗೆ ಸೀಳಿದಾಗ ಶಕ್ತಿಯಾಗಿ ಬದಲಾದ ದ್ರವ್ಯ ಒಂದು ಗ್ರಾಂ ಕೂಡ ಇಲ್ಲ. ಒಂದು ಚಿಟಿಕೆ ಉಪ್ಪಿನಷ್ಟು ಅಂದುಕೊಳ್ಳಿ. ಅದು ಸುಮಾರು 15,000 ಟನ್ ಟಿಎನ್‌ಟಿ ಎಂಬ ಸ್ಫೋಟಕಕ್ಕೆ ಸಮ. ನೆಲಕ್ಕೆ ಬಡಿಯುವ ಮೊದಲೇ, ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿಯುವಂತೆ ಮಾಡಿದ್ದರು. ಹಾಗಾದರೆ ಗಾಳಿಯ ಹೊಡೆತ ಜಾಸ್ತಿ ದೂರ ಹರಡುತ್ತದೆ, ಜಾಸ್ತಿ ಮನೆ ಬೀಳುತ್ತವೆ. ಈ ಎತ್ತರವನ್ನು ಯಾರೋ ಕೂತು ಲೆಕ್ಕ ಹಾಕಿದ್ದರು. ನನಗೆ ನಿದ್ದೆ ಕೆಡಿಸುವುದು ಆ ಲೆಕ್ಕ. ನಾನು ಮಕ್ಕಳಿಗೆ ಕಲಿಸುವ ಸೂತ್ರಗಳೇ ಅಲ್ಲಿಯೂ ಇದ್ದವು, ಅಲ್ವಾ.

ಒಂಬತ್ತೇ ವರ್ಷದಲ್ಲಿ, 1954ರ ಮಾರ್ಚ್ 1ರಂದು, ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಅಮೆರಿಕ ಪರೀಕ್ಷೆಗೆ ಸಿಡಿಸಿದ ಹೈಡ್ರೋಜನ್ ಬಾಂಬ್ 15 ಮೆಗಾಟನ್, ಅಂದರೆ ಒಂದೂವರೆ ಕೋಟಿ ಟನ್ ಟಿಎನ್‌ಟಿ. ಹಿರೋಷಿಮಾದ ಸಾವಿರ ಪಟ್ಟು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿ ದೋಣಿಯ ಮೇಲೆ ಬಿಳಿ ಬೂದಿ ಉದುರಿತು. 23 ಜನ ಮೀನುಗಾರರಿಗೆ ವಿಕಿರಣ ತಗುಲಿತು, ಆ ಸೆಪ್ಟೆಂಬರಿನಲ್ಲಿ ಒಬ್ಬರು ತೀರಿಕೊಂಡರು. ಆ ಏಪ್ರಿಲ್‌ನಲ್ಲೇ ನೆಹರೂ ಸಂಸತ್ತಿನಲ್ಲಿ ಎಲ್ಲ ಪರಮಾಣು ಪರೀಕ್ಷೆ ನಿಲ್ಲಿಸಿ ಅಂತ ಕೇಳಿದ್ದರು. ಪರೀಕ್ಷೆ ನಿಲ್ಲಿಸಿ ಎಂಬ ಕೂಗಿನಲ್ಲಿ ನಮ್ಮ ದನಿ ಮೊದಲ ಸಾಲಿನಲ್ಲಿತ್ತು. ನನಗೆ ಅದು ಹೆಮ್ಮೆಯ ವಿಷಯ.

ಆಸ್ಪತ್ರೆ_ಪಾಳಿ

ನಾನು ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡುವವಳು. ಪಾಳಿ ಮುಗಿಸಿ ಬಂದು ಇದನ್ನೆಲ್ಲ ಓದಿದೆ.

ಹಿರೋಷಿಮಾದಲ್ಲಿ ವೈದ್ಯರಿಗೆ ಅರ್ಥವಾಗದ ಸಂಗತಿ ಒಂದಿತ್ತು. ಮೈಮೇಲೆ ಒಂದು ಗೀರೂ ಇಲ್ಲದವರು ಒಂದೆರಡು ವಾರದ ಮೇಲೆ ಸಾಯತೊಡಗಿದರು. ಮೊದಲು ಕೂದಲು ಹಿಡಿ ಹಿಡಿಯಾಗಿ ಉದುರುತ್ತಿತ್ತು. ಆಮೇಲೆ ವಸಡಿನಲ್ಲಿ ರಕ್ತ, ಚರ್ಮದ ಮೇಲೆ ನೇರಳೆ ಕಲೆ, ಜ್ವರ. ಆಮೇಲೆ ಕೊನೆ. ಅಲ್ಲಿನ ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ ಮುಚ್ಚಿಟ್ಟಿದ್ದ ಎಕ್ಸ್-ರೇ ಫಿಲ್ಮುಗಳು ತಾವಾಗಿಯೇ ಕಪ್ಪಾಗಿದ್ದವು. ಬಿದ್ದದ್ದು ಎಂಥ ಬಾಂಬ್ ಅಂತ ಸುಳಿವು ಕೊಟ್ಟವುಗಳಲ್ಲಿ ಅದೂ ಒಂದು. ಊರಿನ ವೈದ್ಯರಲ್ಲಿ, ದಾದಿಯರಲ್ಲಿ ಹೆಚ್ಚಿನವರು ಮೊದಲ ದಿನವೇ ಸತ್ತಿದ್ದರು ಅಥವಾ ಗಾಯಗೊಂಡಿದ್ದರು. ನೋಡಿಕೊಳ್ಳುವವರೇ ಇರಲಿಲ್ಲ. 1945 ಮುಗಿಯುವಷ್ಟರಲ್ಲಿ ಹಿರೋಷಿಮಾದಲ್ಲಿ ಸುಮಾರು 1,40,000, ನಾಗಾಸಾಕಿಯಲ್ಲಿ ಸುಮಾರು 70,000 ಜನ ಹೋಗಿದ್ದರು.

ಅಲ್ಲಿಗೆ ಮುಗಿಯಲಿಲ್ಲ. ರಕ್ತದ ಕ್ಯಾನ್ಸರ್ ಕೆಲವು ವರ್ಷದ ನಂತರ ಏರಿತು, ಮಕ್ಕಳಲ್ಲೇ ಜಾಸ್ತಿ. ಬೇರೆ ಕ್ಯಾನ್ಸರ್‌ಗಳು ಹತ್ತಾರು ವರ್ಷ ಕಾದು ಬಂದವು. 1947ರಲ್ಲಿ ಅಮೆರಿಕದವರು ಅಲ್ಲೊಂದು ಸಂಶೋಧನಾ ಆಯೋಗ ಶುರು ಮಾಡಿದರು. ಬದುಕಿದವರನ್ನು ಕರೆಸಿ ರಕ್ತ ತೆಗೆದರು, ಅಳೆದರು, ಬರೆದುಕೊಂಡರು. ಚಿಕಿತ್ಸೆ ಮಾತ್ರ ಕೊಡಲಿಲ್ಲ. ಅವರ ನೋವು ನನಗೆ ಅರ್ಥವಾಗುತ್ತದೆ. ನಮ್ಮ ವಾರ್ಡಿನಲ್ಲೂ ಜನ ಕೇಳುತ್ತಾರೆ, ಬರೀ ಟೆಸ್ಟ್ ಮಾಡುತ್ತೀರಲ್ಲ, ಔಷಧಿ ಯಾವಾಗ ಅಂತ.

ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಇವತ್ತು ನಮ್ಮ ಆಸ್ಪತ್ರೆಗಳಲ್ಲಿ ಎಷ್ಟು ವಿಕಿರಣ ಸುರಕ್ಷಿತ ಅನ್ನುವ ಲೆಕ್ಕವಿದೆಯಲ್ಲ, ಅದರ ದೊಡ್ಡ ಪಾಲು ಬಂದದ್ದು ಅವರನ್ನು ಹತ್ತಾರು ವರ್ಷ ಗಮನಿಸಿದ್ದರಿಂದ. ನಾನು ಹಾಕಿಕೊಳ್ಳುವ ಸೀಸದ ಏಪ್ರನ್ ಹಿಂದೆ ಆ ಊರಿನ ಜನರಿದ್ದಾರೆ. ಅವರ ಋಣ ನಮ್ಮ ಮೇಲಿದೆ ಅಂತ ನನಗೆ ದಿನಾ ಅನ್ನಿಸುತ್ತದೆ.

ತಪ್ಪು ಕಲ್ಪನೆ ಒಂದನ್ನು ತಿದ್ದುತ್ತೇನೆ. ಬದುಕಿದವರಿಗೆ ಆಮೇಲೆ ಹುಟ್ಟಿದ ಮಕ್ಕಳಲ್ಲಿ ಅನುವಂಶಿಕ ರೋಗ ಜಾಸ್ತಿಯಾದದ್ದಕ್ಕೆ ಸ್ಪಷ್ಟ ಪುರಾವೆ ಈವರೆಗೆ ಸಿಕ್ಕಿಲ್ಲ. ಆದರೆ ಆ ಭಯಕ್ಕೇ ಅವರಿಗೆ ಹೆಣ್ಣು ಕೊಡಲಿಲ್ಲ, ಗಂಡು ಸಿಗಲಿಲ್ಲ. ಎಷ್ಟೋ ಜನ ತಾವು 'ಹಿಬಾಕುಶಾ', ಅಂದರೆ ಬಾಂಬಿಗೆ ಸಿಕ್ಕವರು, ಅಂತ ಮನೆಯವರಿಗೂ ಹೇಳದೆ ಬದುಕಿದರು.

ಮೇಷ್ಟ್ರು_ಹಾವೇರಿ

ಓದುತ್ತಾ ಓದುತ್ತಾ ಕಣ್ಣು ತುಂಬಿತು. ನಾನು ಏಳನೇ ತರಗತಿಗೆ ಪಾಠ ಮಾಡುತ್ತೇನೆ. ಪ್ರತಿ ವರ್ಷ ಹಿರೋಷಿಮಾದ ಹುಡುಗಿ ಸದಾಕೊ ಸಸಾಕಿ ಕಥೆ ಹೇಳಿ ಮಕ್ಕಳಿಂದ ಕಾಗದದ ಕೊಕ್ಕರೆ ಮಾಡಿಸುತ್ತೇನೆ. ಬಾಂಬ್ ಬಿದ್ದಾಗ ಅವಳಿಗೆ ಎರಡು ವರ್ಷ. ಮನೆ ಬಾಂಬ್ ಸಿಡಿದ ಜಾಗದಿಂದ ಒಂದೂವರೆ ಕಿಲೋಮೀಟರಿಗಿಂತ ಸ್ವಲ್ಪ ದೂರ. ಓಟದಲ್ಲಿ ಚುರುಕಾಗಿದ್ದ ಹುಡುಗಿ, ಹನ್ನೆರಡಕ್ಕೆ ರಕ್ತದ ಕ್ಯಾನ್ಸರ್. 1955ರ ಅಕ್ಟೋಬರ್ 25ರಂದು ಹೋದಳು.

ನಾನೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಸಾವಿರ ಕಾಗದದ ಕೊಕ್ಕರೆ ಮಡಚಿದರೆ ಆಸೆ ಈಡೇರುತ್ತದೆ ಎಂಬ ಜಪಾನಿ ನಂಬಿಕೆಯಿಂದ ಅವಳು ಸಾವಿರ ಮಾಡಬೇಕಿತ್ತು, 644ಕ್ಕೆ ಜೀವ ಹೋಯಿತು ಅಂತ ಹಲವು ವರ್ಷ ಹೇಳಿದೆ. ಅವಳ ಮನೆಯವರ ಪ್ರಕಾರ ಅವಳು ಸಾವಿರ ದಾಟಿಸಿದ್ದಳು. ಔಷಧಿ ಸುತ್ತಿ ಬರುತ್ತಿದ್ದ ಕಾಗದವನ್ನೂ ಬಿಡದೆ ಮಡಚುತ್ತಿದ್ದಳಂತೆ. ಸಾವಿರ ಮುಗಿಸಿದಳು, ಆದರೂ ವಾಸಿಯಾಗಲಿಲ್ಲ. ಇದು ಮಕ್ಕಳಿಗೆ ಹೇಳಲು ಕಷ್ಟದ ಕಥೆ. ಆದರೆ ಇದೇ ನಿಜ, ಈಗ ಇದನ್ನೇ ಹೇಳುತ್ತೇನೆ. ಅವಳ ಸಹಪಾಠಿಗಳು ಊರೂರಿಗೆ ಪತ್ರ ಬರೆದು ಹಣ ಕೂಡಿಸಿ 1958ರಲ್ಲಿ ಮಕ್ಕಳ ಸ್ಮಾರಕ ನಿಲ್ಲಿಸಿದರು. ಇದನ್ನು ಕೇಳಿದರೆ ನಮ್ಮ ಮಕ್ಕಳ ಬೆನ್ನು ನೆಟ್ಟಗಾಗುತ್ತದೆ.

ಒಬ್ಬ ಹುಡುಗ ಕೇಳಿದ: 'ಸಾರ್, ನಮ್ಮ ಹತ್ರಾನೂ ಆ ಬಾಂಬ್ ಇದೆಯಾ?' ಇದೆ ಅಂದೆ. 'ಹಾಗಾದ್ರೆ ಕೊಕ್ಕರೆ ಯಾಕೆ ಮಾಡ್ತಿದ್ದೀವಿ?' ನನಗೆ ಉತ್ತರ ಬರಲಿಲ್ಲ. ನೀವು ಯಾರಾದರೂ ಹೇಳಿ.

ಬಯಲುಸೀಮೆಯವ

ಮೇಷ್ಟ್ರೇ, ನಾನು ಹೇಳುತ್ತೇನೆ. ಸಿಟ್ಟಾಗಬೇಡಿ.

ನಮ್ಮ ಹತ್ತಿರ ಇರುವುದಕ್ಕೆ ಕಾರಣವಿದೆ. 1964ರಲ್ಲಿ ಚೀನಾ ಬಾಂಬ್ ಸಿಡಿಸಿತು, ನಮ್ಮ ಜೊತೆ ಯುದ್ಧವಾಗಿ ಎರಡೇ ವರ್ಷಕ್ಕೆ. ಇತ್ತ ಪಾಕಿಸ್ತಾನ. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಮೊದಲ ಪರೀಕ್ಷೆ ನಡೆಸಿದ ತಂಡದ ಮುಂದಾಳು ರಾಜಾ ರಾಮಣ್ಣ. ನಮ್ಮ ತುಮಕೂರಿನಲ್ಲಿ ಹುಟ್ಟಿದವರು. 1998ರಲ್ಲಿ ಮತ್ತೆ ಪರೀಕ್ಷೆ ಆದಾಗ ನಾನು ಹೈಸ್ಕೂಲು, ನಮ್ಮ ಬೀದಿಯಲ್ಲಿ ಪೇಡೆ ಹಂಚಿದರು. ನಾವು ಮೊದಲು ಬಳಸುವುದಿಲ್ಲ ಅಂತ ಮಾತು ಕೊಟ್ಟಿದ್ದೇವೆ. ನಮ್ಮ ಕೈಯಲ್ಲಿದೆ ಎಂಬ ಕಾರಣಕ್ಕೇ ಅವರು ಬಳಸುವುದಿಲ್ಲ. ಉಕ್ರೇನ್ ತನ್ನ ನೆಲದಲ್ಲಿದ್ದ ಸೋವಿಯತ್ ಕಾಲದ ಅಣು ಸಿಡಿತಲೆಗಳನ್ನು 1990ರ ದಶಕದಲ್ಲಿ ಬಿಟ್ಟುಕೊಟ್ಟಿತು, ಆಮೇಲೆ ಅದರ ಗತಿ ಏನಾಯಿತು ನೋಡಿ. ಎಲ್ಲರೂ ಬಿಡುವವರೆಗೆ ನಾವು ಮಾತ್ರ ಬಿಡಿ ಅಂದರೆ ಹೇಗೆ?

ಅರ್ಧರಾತ್ರಿ_ಓದುಗ

ಇದು ಸುಮ್ನೆ ತಳ್ಳಿಹಾಕುವ ವಾದವಲ್ಲ. ಉಕ್ರೇನ್ ಮಾತಿಗಂತೂ ನನ್ನಲ್ಲಿ ಸುಲಭದ ಉತ್ತರವಿಲ್ಲ. ಆದರೆ 'ನಮ್ಮ ಕೈಯಲ್ಲಿದೆ, ಅದಕ್ಕೆ ಅವರು ಬಳಸುವುದಿಲ್ಲ' ಎಂಬುದು ಪ್ರತಿ ದಿನ, ಪ್ರತಿ ನಿಮಿಷ ನಿಜವಾಗಿರಬೇಕು. ಒಂದು ಸಲ ತಪ್ಪಿದರೂ ಮುಗಿಯಿತು. ಎಷ್ಟು ಸಲ ತಪ್ಪುವುದರಲ್ಲಿತ್ತು ನೋಡಿ.

1962ರ ಅಕ್ಟೋಬರ್ 27. ಕ್ಯೂಬಾ ಹತ್ತಿರ ಸೋವಿಯತ್ ಜಲಾಂತರ್ಗಾಮಿಯೊಂದನ್ನು ಅಮೆರಿಕದ ಹಡಗುಗಳು ಸುತ್ತುವರಿದಿದ್ದವು. ಒಳಗೆ ತಡೆಯಲಾಗದ ಸೆಕೆ, ಹೊರಗಿನ ಸುದ್ದಿ ಇಲ್ಲ, ಯುದ್ಧ ಶುರುವಾಗಿದೆಯೋ ಏನೋ ಗೊತ್ತಿಲ್ಲ. ಅದರಲ್ಲಿ ಅಣು ಟಾರ್ಪಿಡೊ ಇತ್ತು. ಅದನ್ನು ಬಿಡಬೇಕೆಂಬ ಮಾತು ಬಂದಾಗ ಬೇಡ ಎಂದು ತಡೆದವರು ಒಳಗಿದ್ದ ಅಧಿಕಾರಿ ವಸಿಲಿ ಅರ್ಖಿಪೋವ್.

1979ರ ನವೆಂಬರ್ 9. ಅಮೆರಿಕದ ಎಚ್ಚರಿಕೆ ಕೇಂದ್ರದ ಪರದೆಯಲ್ಲಿ ಸೋವಿಯತ್ ದಾಳಿ ಕಾಣಿಸಿತು. ತರಬೇತಿಗೆ ಇಟ್ಟಿದ್ದ ಟೇಪ್ ನಿಜವಾದ ಕಂಪ್ಯೂಟರಿಗೆ ಸೇರಿಹೋಗಿತ್ತು.

1983ರ ಸೆಪ್ಟೆಂಬರ್ 26. ಸೋವಿಯತ್ ಉಪಗ್ರಹ ಐದು ಅಮೆರಿಕನ್ ಕ್ಷಿಪಣಿ ಬರುತ್ತಿವೆ ಎಂದಿತು. ಪಾಳಿಯಲ್ಲಿದ್ದ ಸ್ತಾನಿಸ್ಲಾವ್ ಪೆತ್ರೋವ್, ದಾಳಿ ಮಾಡುವವರು ಬರೀ ಐದು ಕಳಿಸುವುದಿಲ್ಲ ಎಂದು ಯೋಚಿಸಿ, ಇದು ಸುಳ್ಳು ಎಚ್ಚರಿಕೆ ಎಂದು ಮೇಲಿನವರಿಗೆ ತಿಳಿಸಿದರು. ಉಪಗ್ರಹ ಕಂಡದ್ದು ಮೋಡದ ಮೇಲೆ ಹೊಳೆದ ಬಿಸಿಲು.

ನಮ್ಮದೇ ಉದಾಹರಣೆ ಬೇಕಾ? 2022ರ ಮಾರ್ಚ್ 9. ನಮ್ಮ ಬ್ರಹ್ಮೋಸ್ ಕ್ಷಿಪಣಿಯೊಂದು ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾ ಚನ್ನು ಹತ್ತಿರ ಬಿತ್ತು. ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ನಮ್ಮ ಸರ್ಕಾರ ವಿಷಾದ ಹೇಳಿತು, ವಿಚಾರಣೆ ನಡೆಸಿ ಮೂವರು ಅಧಿಕಾರಿಗಳನ್ನು ಕೆಲಸದಿಂದ ತೆಗೆಯಿತು. ಆದರೆ ಆ ಕೆಲವು ನಿಮಿಷ ಗಡಿಯಾಚೆ ಪರದೆ ನೋಡುತ್ತಿದ್ದವನಿಗೆ ಅದರಲ್ಲಿ ಏನಿದೆ ಅಂತ ಹೇಗೆ ಗೊತ್ತಾಗಬೇಕು? ಅಮೆರಿಕ ರಷ್ಯಾ ನಡುವೆ ಅರ್ಧ ಗಂಟೆ ಸಿಗುತ್ತದೆ. ನಮಗೂ ಅವರಿಗೂ ನಡುವೆ ಬೆರಳೆಣಿಕೆಯ ನಿಮಿಷ.

ಬಯಲುಸೀಮೆಯವ

ಬ್ರಹ್ಮೋಸ್ ಸುದ್ದಿ ಓದಿದ್ದೆ. ಹೀಗೆ ಯೋಚಿಸಿರಲಿಲ್ಲ. ಅಪ್ಪನಿಗೆ ತೋರಿಸಿದೆ. ತುಂಬ ಹೊತ್ತು ಸುಮ್ಮನಿದ್ದು, 'ಪಾಳಿಯಲ್ಲಿ ಇದ್ದವನಿಗೆ ನಿದ್ದೆ ಬಂದಿರಬಾರದು, ಅಷ್ಟೇ' ಅಂದರು.

ಅಮೃತಮಹಲ್

ನಾನು ಚಳ್ಳಕೆರೆ ಕಡೆಯವನು. ಇದು ನಮಗೆ ದೂರದ ಮಾತಲ್ಲ. ನಮ್ಮ ಕಾವಲುಗಳಲ್ಲಿ ಸಾವಿರಾರು ಎಕರೆ ಹುಲ್ಲುಗಾವಲು ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳಿಗೆ ಹೋಯಿತು. ಉಳ್ಳಾರ್ತಿ ಕಾವಲು ಸಿಕ್ಕಿದ್ದು ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ. ಒಂದು ದಿನ ಬೇಲಿ ಎದ್ದಿತು, ಕುರಿಗಳು ಬೇಲಿ ಹತ್ತಿರ ನಿಂತು ಆ ಕಡೆ ನೋಡುತ್ತಿದ್ದವು. ನಾವು ಹಸಿರು ನ್ಯಾಯಮಂಡಳಿವರೆಗೂ ಹೋದೆವು. ಒಳಗೆ ಏನು ಮಾಡುತ್ತಾರೆ ಅಂತ ಊರಿನವರಿಗೆ ಸರಿಯಾಗಿ ಹೇಳಿದವರಿಲ್ಲ. ದೇಶಕ್ಕೆ ಬೇಕು ಅಂದರೆ ಕೊಡುತ್ತೇವೆ. ಆದರೆ ಕೇಳಿ ತೆಗೆದುಕೊಳ್ಳಬೇಕು. ಈ ವಿಷಯದಲ್ಲಿ ಯಾವ ದೇಶದಲ್ಲೂ ಜನರನ್ನು ಕೇಳುವುದಿಲ್ಲ. ಬಾಂಬ್ ಪರೀಕ್ಷೆಗಾಗಿ ಬಿಕಿನಿಯವರನ್ನು ದ್ವೀಪ ಬಿಡಿಸಿದ ಕಥೆ ಓದಿದಾಗ ನನಗೆ ನಮ್ಮ ಕಾವಲೇ ಕಣ್ಣ ಮುಂದೆ ಬಂತು.

ಕಡಲತಡಿ

ಉತ್ತರ ಕನ್ನಡದಿಂದ ನಮಸ್ಕಾರ. ಕೈಗಾ ಅಣು ವಿದ್ಯುತ್ ಸ್ಥಾವರ ಬೇಡ ಅಂತ ಶಿವರಾಮ ಕಾರಂತರು ಹೋರಾಡಿದ್ದು, 1989ರಲ್ಲಿ ಇಲ್ಲಿಂದ ಲೋಕಸಭೆಗೆ ನಿಂತು ಸೋತದ್ದು ನಮ್ಮ ಮನೆಯಲ್ಲಿ ಈಗಲೂ ಮಾತಿಗೆ ಬರುತ್ತದೆ. ಆದರೆ ವಿದ್ಯುತ್ ಬೇರೆ, ಬಾಂಬ್ ಬೇರೆ. ಈ ಚರ್ಚೆಯಲ್ಲಿ ಎರಡನ್ನೂ ಕಲಸುವುದು ಬೇಡ ಅನ್ನುವುದು ನನ್ನ ಕೋರಿಕೆ. ಕೈಗಾವನ್ನು ಒಪ್ಪುವವರೂ ಬಾಂಬನ್ನು ವಿರೋಧಿಸಬಹುದು.

ಮೇಷ್ಟ್ರ ಹುಡುಗನ ಪ್ರಶ್ನೆಗೆ ನನ್ನ ಕಡೆಯಿಂದ ಒಂದು ಉತ್ತರ. ಬಿಟ್ಟುಬಿಡುವುದು ಸಾಧ್ಯವೇ ಇಲ್ಲ ಅನ್ನುವುದು ಸುಳ್ಳು. ಅದು ನಡೆದಿದೆ. 1980ರ ದಶಕದ ನಡುವೆ ಜಗತ್ತಿನಲ್ಲಿ ಸುಮಾರು 70,000 ಸಿಡಿತಲೆ ಇದ್ದವು. ಈಗ ಸುಮಾರು 12,000. ಆರು ಪಾಲಿನಲ್ಲಿ ಐದು ಪಾಲು ಇಲ್ಲವಾದವು. ಅಮೆರಿಕದ ರೇಗನ್, ಸೋವಿಯತ್ ಒಕ್ಕೂಟದ ಗೋರ್ಬಚೋವ್ 1987ರಲ್ಲಿ ಸಹಿ ಹಾಕಿದ ಒಪ್ಪಂದದಿಂದ ಆ ಎರಡು ದೇಶಗಳ ಒಂದು ಬಗೆಯ ಕ್ಷಿಪಣಿಗಳೇ ಪೂರ್ತಿ ಹೋದವು. ದಕ್ಷಿಣ ಆಫ್ರಿಕಾ ಆರು ಬಾಂಬ್ ತಯಾರಿಸಿ, ತಾನೇ ಬಿಚ್ಚಿಹಾಕಿ, 1993ರಲ್ಲಿ ಜಗತ್ತಿಗೆ ಹೇಳಿತು.

ಎಲ್ಲಕ್ಕಿಂತ ಹತ್ತಿರದ ಉದಾಹರಣೆ ನಾವೇ. ನಮ್ಮ ದೇಶದಲ್ಲಿ ರಾಸಾಯನಿಕ ಅಸ್ತ್ರ ಇತ್ತು, ಸಾವಿರ ಟನ್‌ಗೂ ಜಾಸ್ತಿ ಸಾಸಿವೆ ಅನಿಲ ಎಂಬ ವಿಷ. ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದಕ್ಕೆ ಸಹಿ ಹಾಕಿ, ನಮ್ಮಲ್ಲಿ ಇಷ್ಟಿದೆ ಅಂತ ಘೋಷಿಸಿ, ಹೊರಗಿನ ತಪಾಸಕರನ್ನು ಒಳಗೆ ಬಿಟ್ಟುಕೊಂಡು, 2009ಕ್ಕೆ ಎಲ್ಲವನ್ನೂ ನಾಶ ಮಾಡಿದೆವು. ದೇಶ ಬಡವಾಗಲಿಲ್ಲ, ಸೈನ್ಯ ಸೊರಗಲಿಲ್ಲ. ನಾವೊಬ್ಬರೇ ಬಿಡಲಿಲ್ಲ, ಬೇರೆಯವರ ಜೊತೆ ಬಿಟ್ಟೆವು. ಬಯಲುಸೀಮೆಯವರು ಕೇಳುವುದೂ ಅದೇ ಅಲ್ವಾ?

1988ರ ಜೂನ್‌ನಲ್ಲಿ ರಾಜೀವ್ ಗಾಂಧಿ ವಿಶ್ವಸಂಸ್ಥೆಯಲ್ಲಿ ಇಂಥದ್ದೇ ಯೋಜನೆ ಇಟ್ಟಿದ್ದರು. ಹಂತ ಹಂತವಾಗಿ 2010ರೊಳಗೆ ಎಲ್ಲ ಅಣ್ವಸ್ತ್ರ ಹೋಗಬೇಕು ಅಂತ. ಯಾರೂ ಕಿವಿಗೊಡಲಿಲ್ಲ. ಹತ್ತು ವರ್ಷಕ್ಕೆ ನಾವೇ ಬಾಂಬ್ ಸಿಡಿಸಿದೆವು. ನನಗೆ ಅದು ಈಗಲೂ ನೋವಿನ ವಿಷಯ. ಆದರೆ ಆ ಕಾಗದ ಸತ್ತಿಲ್ಲ, ಅದನ್ನು ಮತ್ತೆ ಕೈಗೆತ್ತಿಕೊಳ್ಳುವ ಹಕ್ಕು ನಮಗಿದೆ.

ಪ್ರಯೋಗಶಾಲೆ

ಕಡಲತಡಿಯವರ ಮಾತಿಗೆ ಒಂದು ಸೇರಿಸುತ್ತೇನೆ. 2007ರಲ್ಲಿ ಹವಾಮಾನ ವಿಜ್ಞಾನಿಗಳು ಒಂದು ಲೆಕ್ಕ ಪ್ರಕಟಿಸಿದರು. ಭಾರತ ಪಾಕಿಸ್ತಾನ ಹಿರೋಷಿಮಾ ಗಾತ್ರದ ನೂರು ಬಾಂಬ್ ಬಳಸಿದರೆ ಸುಮಾರು 50 ಲಕ್ಷ ಟನ್ ಮಸಿ ಮೇಲಿನ ವಾತಾವರಣ ಸೇರಿ, ವರ್ಷಗಟ್ಟಲೆ ಬಿಸಿಲು ಕಡಿಮೆಯಾಗುತ್ತದೆ, ಮಳೆಯೂ ಕುಗ್ಗುತ್ತದೆ. ಅಲ್ಲಿಗೆ ಮುಂಗಾರಿನ ಗತಿ ಏನು? ಹಾವೇರಿಯ ಜೋಳ, ಮಂಡ್ಯದ ಭತ್ತ ಏನಾಗಬೇಕು? ಗೆದ್ದವರ ಹೊಲದಲ್ಲೂ ಬೆಳೆ ಇರುವುದಿಲ್ಲ.

ತುಂಗಾತೀರ

ಇಷ್ಟೊಂದು ಜನ ಬರೆದಿದ್ದಕ್ಕೆ ಧನ್ಯವಾದ. ಎರಡು ಸಲ ಕೂತು ಓದಿದೆ.

2017ರಲ್ಲಿ ವಿಶ್ವಸಂಸ್ಥೆಯಲ್ಲಿ ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ 122 ದೇಶಗಳು ಹೌದು ಎಂದವು. 2021ರ ಜನವರಿ 22ರಿಂದ ಅದು ಜಾರಿಯಲ್ಲಿದೆ. ಅಣ್ವಸ್ತ್ರ ಇರುವ ಒಂಬತ್ತು ದೇಶಗಳಲ್ಲಿ ಒಂದೂ ಸಹಿ ಹಾಕಿಲ್ಲ. ನಾವೂ ಇಲ್ಲ. ಜಪಾನ್ ಕೂಡ ಇಲ್ಲ! ಅಮೆರಿಕದ ಅಣ್ವಸ್ತ್ರ ಕೊಡುವ ರಕ್ಷಣೆಯ ನೆರಳು ಬೇಕು ಅವರಿಗೆ. ಹಿಬಾಕುಶಾಗಳು ತಮ್ಮದೇ ಸರ್ಕಾರಕ್ಕೆ ವರ್ಷ ವರ್ಷವೂ ಸಹಿ ಹಾಕಿ ಅಂತ ಕೇಳುತ್ತಾರೆ. ಅವರ ಸಂಘಟನೆ ನಿಹೊನ್ ಹಿದಾಂಕ್ಯೊ 1956ರಲ್ಲಿ ನಾಗಾಸಾಕಿಯಲ್ಲಿ ಹುಟ್ಟಿತು, 2024ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆಯಿತು. ಓಸ್ಲೋದಲ್ಲಿ ಮಾತಾಡಿದ ತೆರುಮಿ ತಾನಾಕಾ ಅವರಿಗೆ ಆಗ 92. ನಾಗಾಸಾಕಿಯಲ್ಲಿ ಬಾಂಬ್ ಬಿದ್ದಾಗ 13. ಮನೆಯ ಐದು ಜನರನ್ನು ಕಳೆದುಕೊಂಡಿದ್ದವರು. 2025ರಲ್ಲಿ ಹಿಬಾಕುಶಾಗಳ ಸಂಖ್ಯೆ ಮೊದಲ ಸಲ ಒಂದು ಲಕ್ಷಕ್ಕಿಂತ ಕೆಳಗಿಳಿಯಿತು. ಸರಾಸರಿ ವಯಸ್ಸು 86.

ಉದ್ಯಾನದಲ್ಲಿ ನನಗೆ ಸಿಕ್ಕ ಒಬ್ಬ ಅಜ್ಜಿ ಇವರಲ್ಲಿ ಒಬ್ಬರು. ವಾರಕ್ಕೊಮ್ಮೆ ಬಂದು ಶಾಲೆ ಮಕ್ಕಳಿಗೆ ಕಥೆ ಹೇಳುತ್ತಾರೆ. ನನ್ನ ಜಪಾನಿ ಅಷ್ಟಕ್ಕಷ್ಟೇ, ಆದರೂ ಕೇಳಿಬಿಟ್ಟೆ, ಆ ಕಲ್ಲಿನ ಮೇಲೆ ಮಾತಾಡುತ್ತಿರುವುದು ಯಾರು ಅಂತ. ಅವರು ನನ್ನ ಕಡೆಗೇ ನೋಡಿದರು. ಏನೂ ಹೇಳಲಿಲ್ಲ. ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು.

ಮೇಷ್ಟ್ರೇ, ನಿಮ್ಮ ಹುಡುಗನಿಗೆ ಹೀಗೆ ಹೇಳಬಹುದೇನೋ: ನಮ್ಮ ಹತ್ತಿರ ಆ ಬಾಂಬ್ ಇರುವುದರಿಂದಲೇ ಕೊಕ್ಕರೆ ಮಾಡಬೇಕಾಗಿದೆ. 'ಮಾಡುವುದಿಲ್ಲ' ಅಂತ ಹೇಳಬೇಕಾದವರಲ್ಲಿ ಈಗ ನಾವೂ ಇದ್ದೇವೆ. 1945ರಲ್ಲಿ ಇರಲಿಲ್ಲ.

ಮೇಷ್ಟ್ರು_ಹಾವೇರಿ

ಹೇಳುತ್ತೇನೆ. ಈ ಮಾತನ್ನೇ ಹೇಳುತ್ತೇನೆ.

ಒಂದು ವಿಚಾರ ಬಂತು. ಹಿರೋಷಿಮಾದಲ್ಲಿ ಆಗಸ್ಟ್ 6ರ ಬೆಳಗ್ಗೆ 8:15ಕ್ಕೆ ಗಂಟೆ ಬಾರಿಸಿ ಒಂದು ನಿಮಿಷ ಮೌನ ಇರುತ್ತಾರಲ್ಲ, ಆಗ ನಮ್ಮ ಗಡಿಯಾರದಲ್ಲಿ 4:45. ಶಾಲೆ ಇರುವುದಿಲ್ಲ. ಆದರೆ ನಮ್ಮ ಮಕ್ಕಳಲ್ಲಿ ಅರ್ಧ ಜನ ಹಾಲು ಕರೆಯಲು, ನೀರು ಹಿಡಿಯಲು ಆ ಹೊತ್ತಿಗೆ ಎದ್ದಿರುತ್ತಾರೆ. ಬಲವಂತ ಮಾಡುವುದಿಲ್ಲ. ಎದ್ದಿದ್ದರೆ ಒಂದು ನಿಮಿಷ ನಿಲ್ಲಿ ಅಂತ ಹೇಳುತ್ತೇನೆ.

ಆಸ್ಪತ್ರೆ_ಪಾಳಿ

ಆ ದಿನ ನನ್ನದು ರಾತ್ರಿ ಪಾಳಿ ಹಾಕಿಸಿಕೊಳ್ಳುತ್ತೇನೆ. 4:45ಕ್ಕೆ ವಾರ್ಡು ಶಾಂತವಾಗಿರುತ್ತದೆ.

ಬಯಲುಸೀಮೆಯವ

ನನ್ನ ಎಲ್ಲ ಪ್ರಶ್ನೆಗಳೂ ಮುಗಿದಿಲ್ಲ. ಚೀನಾ ಬಗ್ಗೆ ಇನ್ನೊಮ್ಮೆ ಮಾತಾಡೋಣ, ಅದಕ್ಕೆ ಬೇರೆ ಚರ್ಚೆ ತೆರೆಯುತ್ತೇನೆ.

ಅಪ್ಪ ದಿನಾ ಏಳುವುದು 4:30ಕ್ಕೆ. ಸೈನ್ಯದ ಅಭ್ಯಾಸ. ಈ ಸಲ ನನ್ನನ್ನೂ ಎಬ್ಬಿಸಿ ಅಂತ ಹೇಳಿದ್ದೇನೆ. ಯಾಕೆ ಅಂತ ಕೇಳಿದರು, ಹೇಳಿದೆ. ಹೊಂಫ್ರೆಗಂಜ್‌ನವರನ್ನೂ ಅದೇ ನಿಮಿಷದಲ್ಲಿ ನೆನೆದರೆ ಆಗುತ್ತದೆಯಾ ಅಂತ ಕೇಳಿದರು. ಆಗುತ್ತದೆ ಅಂದೆ.